ಶಿಶುಪಾದುಕಾ ಪ್ರಕರಣ

ನಡೆಯಲರಿಯದ ಜೀವಕ್ಕೆ ಪಾದರಕ್ಷೆಯೇಕೆಂಬ ಪ್ರಶ್ನೆಯನ್ನು ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಸುಖಾಸೀನರಾಗಿ ಕೇಳುವ ಮಹನೀಯರು, ಪುಷ್ಯಮಾಸದ ದಿಲ್ಲಿಯಲ್ಲಿ, ಮಂಜು ಕವಿದು ಸೂರ್ಯನು ಮಧ್ಯಾಹ್ನದವರೆಗೂ ಮುಖ ತೋರಿಸದಿರುವ ದಿನ, ಮೊಸಾಯಿಕ್ ನೆಲದ ಮೇಲೆ ಒಮ್ಮೆ ಬರಿಗಾಲಿಡತಕ್ಕದ್ದು. ನಮ್ಮ ಸೀಮೆಯ ಬಾಣಂತನದ ಶಾಸ್ತ್ರವು ಕುಲಾವಿ ಕುಂಚಿಗೆಗಳಿಂದ ಶಿರಸ್ಸನ್ನು ರಕ್ಷಿಸಿ ಪಾದಗಳನ್ನು ದೈವದ ಕೈಗೊಪ್ಪಿಸಿತ್ತು. ಯಮುನಾತೀರದ ಚಳಿಯಾದರೋ ಕೆಳಗಿನಿಂದಲೇ ಏರುತ್ತದೆ.

ಆದಕಾರಣ ಮೊಮ್ಮಗನ ನಿಮಿತ್ತವಾಗಿ ನನ್ನ ಗೃಹಿಣಿಯು ಪಾದುಕಾನಿರ್ಮಾಣವನ್ನು ಕೈಗೊಂಡಳು. ಹೊರಗೆ ಒಗೆದೊಗೆದು ಮೆತ್ತಗಾದ ಇಳಕಲ್ ಸೀರೆಯ ಒಡಲು, ಒಳಗೆ ಫ್ಲಾನೆಲ್. ಇಲಾಸ್ಟಿಕ್ಕಿಗಾಗಿ ನನ್ನನ್ನು ಚಾಂದನಿ ಚೌಕದ ಕಿನಾರಿ ಬಜಾರಿಗೆ ಅಟ್ಟಲಾಯಿತು. ವರನ ಪೇಟದಿಂದ ನೋಟಿನ ಹಾರದವರೆಗೆ ಸಕಲ ವಿವಾಹವೈಭವವೂ ತೂಗಾಡುವ ಆ ಗಲ್ಲಿಯಲ್ಲಿ ಗೇಣುದ್ದದ ಇಲಾಸ್ಟಿಕ್ ಬೇಡುವ ವೃದ್ಧನನ್ನು ವ್ಯಾಪಾರಿಯು ನೋಡುವ ನೋಟವು ವರ್ಣನಾತೀತವಾದುದು.

ಅಳತೆ ತೆಗೆಯುವುದೇ ಮಹಾಕಾರ್ಯ: ಕಾಗದದ ಮೇಲಿಟ್ಟ ಕಾಲಿಗೆ ಪೆನ್ಸಿಲು ಸೋಕಿದೊಡನೆ ಶಿಶುವು ಬೆರಳು ಮಡಿಸುತ್ತದೆ. ಬಳಿಕ ಅಟ್ಟೆಗೆ ಮುಂಭಾಗವನ್ನೂ ಹಿಮ್ಮಡಿಯನ್ನೂ ಒಳಮೈ ಹೊರಗಾಗುವಂತೆ ಹೊಲಿದು, ಬಾಗಿದ ಅಂಚಿಗೆ ಹೊಲಿಗೆ ತಾಗದಂತೆ ಅಲ್ಲಲ್ಲಿ ಕತ್ತರಿಯ ಕಚ್ಚು ಕೊಟ್ಟು ಮಗುಚಬೇಕು. ಕಚ್ಚು ಮರೆತರೆ ತುದಿಯು ಕರ್ಜಿಕಾಯಿಯಂತೆ ನೆರಿಗೆಗಟ್ಟುವುದು. ಎಡಬಲಗಳೆಂಬ ಭೇದವನ್ನು ಗೃಹಿಣಿಯು ಅದ್ವೈತದೃಷ್ಟಿಯಿಂದ ನಿವಾರಿಸಿದಳು.

ಸಿದ್ಧವಾದ ಪಾದುಕೆಗಳನ್ನು ಶಿಶುವು ಮೊದಲು ಪರೀಕ್ಷಿಸಿದ್ದು ಬಾಯಿಂದ. ತರುವಾಯ ಒಂದನ್ನು ಕಳಚಿ ಎತ್ತಲೋ ಎಸೆಯಿತು. ಇಲಾಸ್ಟಿಕ್ ಸಡಿಲವಾಗಿತ್ತೆಂಬ ಆರೋಪದ ಮೇಲೆ, ಹುಡುಕುವ ಹೊಣೆಯನ್ನು ಅದನ್ನು ತಂದವನಿಗೇ ವಿಧಿಸಲಾಗಿದೆ.