ಎಂಟು ದಿನದ ಸನ್ಯಾಸಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ: ಯಾವ ಊರಿನ ಯಾವ ಓಣಿ ಹೊಕ್ಕರೂ ಈ ಕಾಕಾ ಸಿಗುತ್ತಾರೆ. ವಾಡಿಯವರಾದರೆ ಸಿಮೆಂಟ್ ಕಂಪನಿಯಿಂದ ನಿವೃತ್ತರು, ಶಹಾಬಾದಿನವರಾದರೆ ಪರ್ಸಿ ಕಲ್ಲಿನ ವ್ಯಾಪಾರ, ಸೇಡಂನವರಾದರೆ ತೊಗರಿ ಹೊಲ, ಚಿತ್ತಾಪುರದವರಾದರೆ ಮಾಸ್ತರಿಕೆ. ಕಸುಬು ಬೇರೆ ಬೇರೆ, ಹೊಟ್ಟೆಯ ಸುತ್ತಳತೆ ಒಂದೇ. ವರ್ಷವಿಡೀ ಸಂಜೆ ಮಿರ್ಚಿ ಭಜಿ ಬಂಡಿಯ ಮುಂದೆ ಹಾಜರಿ ಹಾಕುವ ಈ ಮನುಷ್ಯ ‘ಫುಲ್ ಬಾಡಿ ಚೆಕಪ್’ ಹತ್ತಿರ ಬಂತೆಂದರೆ ಎಂಟು ದಿನ ಸನ್ಯಾಸ ಹಿಡಿಯುತ್ತಾರೆ. ಒಳಗೆ ಏನು ಕೆಟ್ಟಿದೆ ಅಂತ ತಿಳಿಯುವ ಆಸೆ ಅವರಿಗೆ ಎಳ್ಳಷ್ಟೂ ಇಲ್ಲ. ಪಾಸಾಗಬೇಕು, ಅಷ್ಟೇ.

ಮೊದಲನೆಯ ತಾಪತ್ರಯ, ದಿನ ಗೊತ್ತು ಮಾಡುವುದು. ಶ್ರಾವಣದಲ್ಲಿ ಬೇಡ, ಮನೆತುಂಬ ಹೋಳಿಗೆ. ದೀಪಾವಳಿ ಆಗಲಿ. ತೊಗರಿ ರಾಶಿ ಮುಗಿಯಲಿ. ಎಳ್ಳಮಾಸಿಗೆ ಹೊಲದಲ್ಲಿ ಕೂತು ಭಜ್ಜಿ, ಸಜ್ಜಿ ರೊಟ್ಟಿ, ಕಡಬು ತಿನ್ನದೆ ಇದ್ದರೆ ಭೂಮಿತಾಯಿ ಮುನಿಯುತ್ತಾಳೆ. ಆಮೇಲೆ ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ. ಅದೂ ಮುಗಿಯಿತೋ, ಬಿಸಿಲು. “ಈ ಬಿಸಲಾಗ ರಕ್ತ ಕೊಟ್ರ ಮೈಯಾಗ ಏನ್ ಉಳಿತದ?” ಮೂವತ್ತು ದಾಟಿದವರಿಗೆಲ್ಲ ಬಿಪಿ, ಶುಗರ್ ಪುಕ್ಕಟೆ ನೋಡುವ ಸರಕಾರಿ ಆರೋಗ್ಯ ಕೇಂದ್ರ ಅವರು ದಿನಾ ಓಡಾಡುವ ದಾರಿಯಲ್ಲೇ ಇದೆ. ಆದರೆ ಪುಕ್ಕಟೆ ನೋಡಿದ್ದು ನೋಡಿದಂತಲ್ಲ ಎಂಬುದು ಕಾಕಾನ ಗಟ್ಟಿ ನಂಬಿಕೆ. ಕಡೆಗೆ ಹೈದರಾಬಾದಿನಲ್ಲಿರುವ ಮಗ ಬೇಸತ್ತು, ಜಾತ್ರೆಯ ಮರುವಾರಕ್ಕೇ ಕಲಬುರಗಿಯಲ್ಲಿ ಪ್ಯಾಕೇಜ್ ಬುಕ್ ಮಾಡಿ ದುಡ್ಡೂ ಕಟ್ಟಿಬಿಡುತ್ತಾನೆ. ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ ಎಂದು ತಿಳಿದ ಮೇಲೆಯೇ ಕಾಕಾಗೆ ಆರೋಗ್ಯದ ಕಾಳಜಿ ಹುಟ್ಟುವುದು.

ಅಂದಿನಿಂದ ಚಹಾಕ್ಕೆ ಸಕ್ಕರೆ ಬಂದ್. ಮುಂಜಾನೆ ನೆನೆಸಿದ ಮೆಂತ್ಯ, ಅದರ ಹಿಂದೆ ಹಾಗಲಕಾಯಿ ರಸ. ಅಟ್ಟದ ಮೇಲಿದ್ದ ಬೂಟು ಧೂಳು ಕೊಡವಿಕೊಂಡು ಕೆಳಗಿಳಿಯುತ್ತದೆ. ಚಿಂಚೋಳಿ ಕಾಕಾ ಚಂದ್ರಂಪಳ್ಳಿ ಡ್ಯಾಮಿನ ತನಕ ನಡೆದು ಬಂದೆ ಎನ್ನುತ್ತಾರೆ. ಬಸ್‌ಸ್ಟ್ಯಾಂಡಿನ ಆಚೆ ಅವರನ್ನು ಕಂಡವರಿಲ್ಲ.

“ಮೂವತ್ತು ವರ್ಸ ನಾ ಹೇಳಿದ್ದು ಕೇಳ್ಲಿಲ್ಲ. ಈಗ ಆ ಲ್ಯಾಬಿನ ಹುಡುಗಗ ಅಂಜಿ ಬಾಯಿ ಕಟ್ಟೀರಿ,” ಎನ್ನುತ್ತಾರೆ ಕಾಕು, ರೊಟ್ಟಿ ಬಡಿಯುತ್ತಲೇ. ಅಂದಹಾಗೆ ಕಾಕು ಸೋಮವಾರ ಉಪವಾಸ, ಏಕಾದಶಿ ಉಪವಾಸ. ಖಾಲಿ ಹೊಟ್ಟೆಯ ರಕ್ತ ಬೇಕೆಂದರೆ ಅವರ ಹತ್ತಿರ ಸದಾ ತಯಾರು. ಕೇಳಿದವರಿಲ್ಲ. ಪ್ಯಾಕೇಜ್ ಒಬ್ಬರದೇ.

ಹಿಂದಿನ ರಾತ್ರಿಯಿಂದ ಹತ್ತು-ಹನ್ನೆರಡು ತಾಸು ಏನೂ ತಿನ್ನಬೇಡಿ, ನೀರು ಕುಡಿಯಬಹುದು, ಬಿಪಿ ಗುಳಿಗಿ ತಗೊಳ್ಳಿ ಎಂದು ದವಾಖಾನೆಯವರು ಫೋನಿನಲ್ಲೇ ಹೇಳಿರುತ್ತಾರೆ. ಕಾಕಾ ಭಕ್ತಿ ಜಾಸ್ತಿ ಮಾಡಿ ನೀರೂ ಬಿಡುತ್ತಾರೆ, ಗುಳಿಗಿಯನ್ನೂ ಬಿಡುತ್ತಾರೆ. ಚಿಂಚೋಳಿಗೆ ರೈಲಿಲ್ಲ, ಅವರು ಬಸ್ಸಿಗೆ. ಸೇಡಂ ಕಾಕಾ ಮುಂಜಾನೆಯ ರೈಲು ಹತ್ತಿ, ಚಿತ್ತಾಪುರ ದಾಟಿ ವಾಡಿ ಮುಟ್ಟುವಷ್ಟರಲ್ಲಿ ಗಂಟಲು ಒಣಗಿ ಪರ್ಸಿಯಾಗಿರುತ್ತದೆ. ಈ ಹಳಿ ನಿಜಾಮರ ಕಾಲದ್ದು, 1874ರದು. ಉಪವಾಸವಿದ್ದವರನ್ನು ಕಾಡಲಿಕ್ಕೇ ವಾಡಿಯಲ್ಲಿ ಜಂಕ್ಷನ್ ಮಾಡಿದ್ದಾರೆ ಎಂಬುದು ಕಾಕಾನ ಸಂಶೋಧನೆ. ಗಾಡಿ ನಿಲ್ಲುತ್ತದೆ, ಹೊರಡುವುದಿಲ್ಲ. “ಚಾಯ್, ಚಾಯ್” ಕಿಟಕಿಗೇ ಬರುತ್ತದೆ. ಎದುರಿನ ಸೀಟಿನವ ಪೇಪರ್ ಬಿಚ್ಚಿ, ಸುಸಲಾದ ಮೇಲೆ ಪುಠಾಣಿ ಹಿಟ್ಟು ಉದುರಿಸಿಕೊಂಡು, ಭಜಿಯ ತೊಟ್ಟು ಹಿಡಿದು ಕಡಿಯುತ್ತಾನೆ. “ತಗೋರಿ ಕಾಕಾ, ಒಂದರೆ ತಗೋರಿ.” ಕಾಕಾ ಕಣ್ಣು ಮುಚ್ಚಿ ಬಸವಣ್ಣನನ್ನು ನೆನೆಯುತ್ತಾರೆ.

ದವಾಖಾನೆಯಲ್ಲಿ ಬಿಪಿ 160 ಬರುತ್ತದೆ. “ಮೆಟ್ಲ ಏರಿ ಬಂದೀನ್ರೀ, ಅದಕ್ಕ. ಇನ್ನೊಮ್ಮಿ ನೋಡಮು.” ಐದು ನಿಮಿಷ ಸುಮ್ಮನೆ ಕೂಡಿಸಿ ನೋಡಿದರೆ 152. ಮೂರನೆಯ ಸಲಕ್ಕೆ 148. ನಾಲ್ಕನೆಯದಕ್ಕೆ ನರ್ಸಮ್ಮ ಒಪ್ಪುವುದಿಲ್ಲ. ಮೂತ್ರದ ಡಬ್ಬಿಗೆ ಮೊದಲಿನದು ಬಿಟ್ಟು ನಡುವಿನದನ್ನು ಹಿಡಿಯಿರಿ, ಸ್ವಲ್ಪ ಸಾಕು ಎಂದರೆ ಕಂಠಮಟ್ಟ ತುಂಬಿಸಿ, ಬಂಗಾರದಂಗಡಿಯ ಚೀಲದಲ್ಲಿ ಸುತ್ತಿ ತರುತ್ತಾರೆ. ರಕ್ತ ಕೊಟ್ಟಾದ ಮೇಲೆ “ದಿನಾ ತಿಂದಂಗ ನಾಷ್ಟಾ ಮಾಡಿ ಎರಡು ತಾಸಿಗೆ ಬರ್ರಿ” ಅಂದರೆ, ಇದು ಸಿಗಿಸುವ ಹಂಚಿಕೆ ಎಂದು ಹೊಳೆದು ಅರ್ಧ ಇಡ್ಲಿಗೆ ಕೈ ತೊಳೆಯುತ್ತಾರೆ.

ಸಂಜೆ ರಿಪೋರ್ಟು. ಖಾಲಿ ಹೊಟ್ಟೆಯ ಶುಗರ್ 118. ಎಲ್ಲಾ ಹಾಗಲಕಾಯಿ ಪುಣ್ಯ! ಕಾಕಾ ಅಲ್ಲಿಂದಲೇ ಮಗನಿಗೆ ಫೋನ್ ಹಚ್ಚಬೇಕು, ಅಷ್ಟರಲ್ಲಿ ಡಾಕ್ಟರು ಕೆಳಗಿನ ಸಾಲಿಗೆ ಬೆರಳಿಡುತ್ತಾರೆ. ಎಚ್‌ಬಿಎ1ಸಿ 8.4.

“ಅದೇನ್ರಿ ಅದು?”

“ಸಕ್ಕರಿ ರಕ್ತದ ಕಣಕ್ಕ ಅಂಟಿ ಕೂಡ್ತದ ಕಾಕಾ. ಕಣದ ಆಯುಷ್ಯ ಹತ್ತಹತ್ರ 120 ದಿನ. ಅದಕ್ಕ ಎರಡು ಮೂರು ತಿಂಗಳ ಲೆಕ್ಕ ಇದರಾಗ ಸಿಗ್ತದ. ಆರೂವರೆ ದಾಟಿದ್ರ ಸಕ್ಕರಿ ಕಾಯಿಲಿನೇ.”

“ಅಂದ್ರ ಸಂಕ್ರಾಂತಿ ಶೇಂಗಾ ಹೋಳಗಿ?”

“ಬಂದದ.”

“ಜಾತ್ರಿ ಜಿಲೇಬಿ?”

“ಅದೂ.”

ಇಷ್ಟು ವರ್ಷ ಜಮಾಖರ್ಚು ಬರೆದ ಕಾಕಾ, ತನ್ನ ಮೈಯೊಳಗೇ ಇನ್ಯಾರೋ ಕೂತು ಖಾತೆ ಬರೆಯುತ್ತಿದ್ದಾನೆಂದು ಕೇಳಿ ಗರ ಬಡಿದವರಂತೆ ಕೂಡುತ್ತಾರೆ. ಗುಳಿಗಿ, ಪಥ್ಯ, ದಿನಾ ಅರ್ಧ ತಾಸು ನಡಿಗೆ ಎಂದು ಡಾಕ್ಟರು ಬರೆದುಕೊಟ್ಟದ್ದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು ಕೌಂಟರಿಗೆ ಬರುತ್ತಾರೆ.

“ತಂಗೀ, ಈ ಮೂರು ತಿಂಗಳದ್ದು ತೆಗೆದು, ಬರೇ ಮುಂಜಾನಿದ್ದಷ್ಟೇ ನೋಡೋ ಪ್ಯಾಕೇಜ್ ಅದ ಏನು?”

“ಅದ ಕಾಕಾ. ರೊಕ್ಕನೂ ಕಮ್ಮಿ.”

“ಮುಂದಿನ ವರ್ಸಕ್ಕ ಅದನ್ನೇ ಬರಕೊ.”