ಖಾರವೀರರು

ನಮ್ಮ ಆಲಂಕಾರಿಕರು ವೀರರನ್ನು ದಾನವೀರ, ಧರ್ಮವೀರ, ಯುದ್ಧವೀರ, ದಯಾವೀರ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಐದನೆಯ ಬಗೆಯೊಂದು ಇರಬಹುದೆಂಬ ಶಂಕೆಗೂ ಎಡೆಗೊಡದೆ ಗ್ರಂಥವನ್ನು ಕಟ್ಟಿಟ್ಟು ನಿಶ್ಚಿಂತರಾದರು. ಅವರಲ್ಲಿ ಬಹುಮಂದಿಯ ಕಾಲಕ್ಕೆ ಮೆಣಸಿನಕಾಯಿ ಈ ದೇಶದ ಮುಖವನ್ನೇ ಕಂಡಿರಲಿಲ್ಲವಾದ್ದರಿಂದ ಈ ಲೋಪವನ್ನು ನಾವು ಮನ್ನಿಸಬಹುದು. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗನ್ನೇರಿ ಅಮೆರಿಕ ಖಂಡದಿಂದ ನಮ್ಮ ಪಶ್ಚಿಮ ಕರಾವಳಿಗೆ ಬಂದಿಳಿದ ಆ ಕಾಯಿ, ಅದುವರೆಗೆ ಶುಂಠಿಯೊಡನೆ ಅಧಿಕಾರವನ್ನು ಹಂಚಿಕೊಂಡು ಅಡುಗೆಮನೆಗಳನ್ನು ಆಳುತ್ತಿದ್ದ ಕರಿಮೆಣಸನ್ನು ಮೆಲ್ಲಮೆಲ್ಲನೆ ಪದಚ್ಯುತಗೊಳಿಸಿ, ಮೊದಲು ಹಿತ್ತಿಲನ್ನೂ ಆಮೇಲೆ ಒರಳನ್ನೂ ಕೊನೆಗೆ ನಾಲಗೆಯನ್ನೂ ವಶಪಡಿಸಿಕೊಂಡ ಮೇಲೆ ಹುಟ್ಟಿದ ಐದನೆಯ ವೀರನೇ ಖಾರವೀರನು.

ಈತನನ್ನು ಗುರುತಿಸುವುದು ಕಷ್ಟವಲ್ಲ. ಮದುವೆಯ ಪಂಕ್ತಿಯಲ್ಲಿ ಸಾರಿನ ಮೊದಲ ತುತ್ತನ್ನು ಬಾಯಿಗಿಟ್ಟೊಡನೆ, ಅದರ ರುಚಿಯೇನು, ಪರಿಮಳವೇನು ಎಂದು ವಿಚಾರಿಸುವ ಗೋಜಿಗೆ ಹೋಗದೆ, ‘ಯಾಕೋ ಸಪ್ಪೆ’ ಎಂದು ಅಕ್ಕಪಕ್ಕದ ನಾಲ್ಕು ಎಲೆಗಳಿಗೆ ಕೇಳುವಷ್ಟು ಗಟ್ಟಿಯಾಗಿ ತೀರ್ಪು ಕೊಡುವವನು ಈತ. ಬಡಿಸುವವನನ್ನು ತಡೆದು ನಿಲ್ಲಿಸಿ ಎರಡು ಹಸಿಮೆಣಸಿನಕಾಯಿ ತರಿಸಿಕೊಳ್ಳುವವನು ಈತ. ತಂದದ್ದನ್ನು ಕಟಕ್ಕನೆ ಕಚ್ಚುವ ಮುನ್ನ ಸುತ್ತಲೂ ಒಮ್ಮೆ ಕಣ್ಣಾಡಿಸುವವನೂ ಈತನೇ. ಆ ಕಣ್ಣಾಡಿಕೆಯಲ್ಲಿ ಈತನ ಸಮಸ್ತ ಜೀವನದರ್ಶನವೂ ಅಡಗಿದೆಯೆಂದು ನನ್ನ ಭಾವನೆ. ಯಾರೂ ನೋಡದಿರುವಾಗ ಖಾರವೀರನೊಬ್ಬನು ಮೆಣಸಿನಕಾಯಿ ತಿಂದದ್ದಕ್ಕೆ ಇದುವರೆಗೆ ಸಾಕ್ಷ್ಯ ದೊರೆತಿಲ್ಲ. ನೋಡುವವರೇ ಇಲ್ಲದ ಮೇಲೆ ಸಾಕ್ಷ್ಯವೆಲ್ಲಿಂದ ಬರಬೇಕು ಎಂದು ತರ್ಕ ಮಾಡುವವರು ದಯವಿಟ್ಟು ಈತನ ಮನೆಯಾಕೆಯನ್ನು ವಿಚಾರಿಸಬೇಕು. ರಾತ್ರಿಯ ಮೊಸರನ್ನದಲ್ಲಿ ಕಂಡುಬರುವ ಒಗ್ಗರಣೆಯ ಮೆಣಸಿನಕಾಯಿ ಚೂರುಗಳನ್ನು ಕೂಡ ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಸರಿಸಿ, ಇನ್ನಾವುದೂ ಉಳಿದಿಲ್ಲವೆಂದು ದೃಢಪಡಿಸಿಕೊಂಡ ಮೇಲೆಯೇ ಈ ಮಹಾಶಯನು ಊಟಕ್ಕೆ ಕೈಯಿಕ್ಕುವನೆಂಬುದು ಆ ಸಾಧ್ವಿಗೆ ಮಾತ್ರ ಗೊತ್ತಿರುವ ಗುಟ್ಟು.

ನಮ್ಮ ಬ್ಯಾಂಕಿನ ಶಾಖೆಯಲ್ಲಿ ಇರುವ ಖಾರವೀರರು (ವಯಸ್ಸಿನಲ್ಲಿಯೂ ಹುದ್ದೆಯಲ್ಲಿಯೂ ನನಗೆ ಹಿರಿಯರಾದ್ದರಿಂದ ಇನ್ನು ಮುಂದೆ ಬಹುವಚನವೇ ಕ್ಷೇಮ) ಹಾವೇರಿಯ ಕಡೆಯವರು. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚುವ ಹೊತ್ತಿಗೆ ಅವರು ಒಂದೊಂದು ಡಬ್ಬಿಯೊಳಕ್ಕೂ ಇಣಿಕಿ ನೋಡಿ, ಪಲ್ಯದ ಬಣ್ಣವನ್ನು ಕಂಡು ಮರುಕಪಟ್ಟು, ‘ನಾವು ಬ್ಯಾಡಗಿ ನೆಲದಾಗ ಹುಟ್ಟಿದವರ್ರೀ. ನಮ್ಮ ಕಡೆ ತೊಟ್ಟಿಲದಾಗಿನ ಕೂಸಿಗೂ ರಂಜಕ ನೆಕ್ಕಸ್ತೀವಿ’ ಎಂದು ಆರಂಭಿಸುವರು. ಸಾವಿರಾರು ವರ್ಷಗಳಿಂದ ತಮ್ಮ ಪೂರ್ವಜರು ಹೀಗೆಯೇ ಖಾರ ತಿಂದು ಗಟ್ಟಿಮುಟ್ಟಾಗಿ ಬಾಳಿದರೆಂಬುದು ಅವರ ಮಾತಿನ ಎರಡನೆಯ ಘಟ್ಟ. ಆ ಪೂರ್ವಜರಿಗೆ ಮೆಣಸಿನಕಾಯಿ ಎಲ್ಲಿಂದ ಒದಗುತ್ತಿತ್ತೆಂದು ಕೇಳಿದ ನಗದು ವಿಭಾಗದ ಗುಮಾಸ್ತರೊಬ್ಬರ ರಜೆಯ ಅರ್ಜಿ ಆ ವಾರ ಸ್ವಲ್ಪ ತಡವಾಗಿ ಮಂಜೂರಾಯಿತು.

ಇದರಲ್ಲಿ ಒಂದು ಸ್ವಾರಸ್ಯವುಂಟು. ಬ್ಯಾಡಗಿಯ ಮೆಣಸಿನಕಾಯಿ, ಅದರಲ್ಲಿಯೂ ಗಿಡ್ಡಗೆ, ಉಬ್ಬಿಕೊಂಡು, ಮೈಯೆಲ್ಲ ಸುಕ್ಕುಗಟ್ಟಿರುವ ಡಬ್ಬಿ ಎಂಬ ತಳಿ, ಲೋಕಪ್ರಸಿದ್ಧವಾದುದು ತನ್ನ ಬಣ್ಣದಿಂದಲೇ ಹೊರತು ಖಾರದಿಂದಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಆ ಕಾಯಿಯಿಂದ ತೆಗೆದ ಕೆಂಪು ಎಣ್ಣೆಯು ಲಿಪ್‌ಸ್ಟಿಕ್ಕಿನ ತಯಾರಿಕೆಗೂ ಸಲ್ಲುವಷ್ಟು ಮೃದುಸ್ವಭಾವದ್ದು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಎರಡನ್ನೂ ಬೇರೆಬೇರೆಯಾಗಿ ಅಳೆದು ಹುರಿದು ಸಾರಿನ ಪುಡಿ ಮಾಡುವ ಗೃಹಿಣಿಯರಿಗೆಲ್ಲ ತಿಳಿದಿರುವ ಈ ಸಂಗತಿಯನ್ನು ತೀರ್ಥಹಳ್ಳಿ ಕಡೆಯ ಸಹೋದ್ಯೋಗಿಯೊಬ್ಬರು ಒಮ್ಮೆ ನಯವಾಗಿಯೇ ಪ್ರಸ್ತಾಪಿಸಿ, ‘ನಮ್ಮಲ್ಲಿ ಜೀರಿಗೆ ಮೆಣಸು ಅಂತ ಇದೆ ಸಾರ್, ಉಗುರಿನಷ್ಟೇ ಇರೋದು, ಅದನ್ನೊಮ್ಮೆ ನೋಡಬೇಕು ನೀವು’ ಎಂದರು. ನಮ್ಮ ವೀರರು ಕ್ಷಣವೂ ತಡೆಯದೆ, ‘ಗಿಡ್ಡ ಇದ್ದಾವ್ಗ ಸಿಟ್ಟ ಜಾಸ್ತಿ ಬಿಡ್ರೀ’ ಎಂದು ಆ ವಿಷಯವನ್ನು ಅಲ್ಲಿಗೇ ಮುಗಿಸಿದರು.

ಇಂತಹವರಿಗೆ ಹಿಂದಿನ ಕಾಲದಲ್ಲಿ ರಣರಂಗಗಳ ಅಭಾವವಿತ್ತು. ಸಂತೆಯ ಮಿರ್ಚಿ ಅಂಗಡಿಯ ಮುಂದೆ ಯಾರು ಎಷ್ಟು ತಿಂದರೆಂದು ಪಂಥ ಕಟ್ಟುವುದರಾಚೆಗೆ ಅವರ ಪರಾಕ್ರಮ ವಿಸ್ತರಿಸುವ ಸಂಭವವಿರಲಿಲ್ಲ. ಈಗಲಾದರೋ ಬೆಂಗಳೂರಿನ ಉಪಾಹಾರಗೃಹಗಳೇ ಮುಂದೆ ಬಂದು ವೀರರಿಗೆ ವೀಳ್ಯ ಕೊಡುತ್ತಿವೆ. ಇಂದಿರಾನಗರದ ಒಂದು ಬರ್ಗರ್ ಹೋಟೆಲಿನಲ್ಲಿ ಅತ್ಯಂತ ಖಾರವಾದ ಬರ್ಗರನ್ನು ಹತ್ತು ನಿಮಿಷದೊಳಗೆ, ನೀರನ್ನಾಗಲಿ ಹಾಲನ್ನಾಗಲಿ ಮುಟ್ಟದೆ ತಿಂದು ಮುಗಿಸಿದವರಿಗೆ ಹಣ ಕೇಳುವುದಿಲ್ಲವೆಂದೂ, ಅವರ ಭಾವಚಿತ್ರವನ್ನು ಗೋಡೆಯ ಮೇಲೆ ತೂಗುಹಾಕುವರೆಂದೂ ನಮ್ಮ ಶಾಖೆಗೆ ಹೊಸದಾಗಿ ಸೇರಿದ ಹುಡುಗರು ಸುದ್ದಿ ತಂದರು. ಹಣದ ಮಾತು ವೀರರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಗೋಡೆ ಎಂಬ ಮಾತಿಗೆ ಮಾತ್ರ ತಲೆಯೆತ್ತಿದರು. ಮುಂದಿನ ಶನಿವಾರವೇ ದಂಡಯಾತ್ರೆ ನಿಶ್ಚಯವಾಯಿತು. ಪ್ರೇಕ್ಷಕವರ್ಗದಲ್ಲಿ ನಾನೂ ಸೇರಿಕೊಂಡೆ.

ಹೋಟೆಲಿನ ತಿಂಡಿಯ ಪಟ್ಟಿಯಲ್ಲಿ ಆ ಬರ್ಗರಿನ ಹೆಸರಿನ ಕೆಳಗೆ ಒಂದು ತಲೆಬುರುಡೆಯ ಚಿತ್ರವೂ ಅದರ ಮಗ್ಗುಲಲ್ಲಿ ಬಹಳ ಸೊನ್ನೆಗಳುಳ್ಳ ಒಂದು ಅಂಕಿಯೂ ಇದ್ದವು. 1912ರಲ್ಲಿ ಅಮೆರಿಕದ ವಿಲ್ಬರ್ ಸ್ಕೋವಿಲ್ ಎಂಬ ಔಷಧತಜ್ಞನು ಮೆಣಸಿನಕಾಯಿಯ ಸತ್ತ್ವವನ್ನು ಸಕ್ಕರೆಯ ನೀರಿನಲ್ಲಿ ಬೆರೆಸಿ, ಕೆಲವರನ್ನು ಸಾಲಾಗಿ ಕೂರಿಸಿ ಅವರ ನಾಲಗೆಗೆ ಖಾರವೇ ಗೊತ್ತಾಗದಂತಾಗುವವರೆಗೂ ಅದನ್ನು ತೆಳುಮಾಡುತ್ತ ಹೋಗಿ, ಎಷ್ಟು ಪಾಲು ತೆಳುಮಾಡಬೇಕಾಯಿತೋ ಅದೇ ಆ ಕಾಯಿಯ ಖಾರದ ಪ್ರಮಾಣವೆಂದು ಗೊತ್ತುಪಡಿಸಿದನು. ಪ್ರಮಾಣಕ್ಕೆ ಸ್ಕೋವಿಲ್ಲನ ಹೆಸರೇ ನಿಂತಿತು. ನಾಲಗೆ ಕೊಟ್ಟವರ ಹೆಸರನ್ನು ಯಾರೂ ಹೇಳುವುದಿಲ್ಲ. ಲೋಕದ ನಡವಳಿಯೇ ಹಾಗೆ. ಆಮೇಲೆ ಈ ಅಂಕಿಗಳಿಗೆ ಹತ್ತಿದ ಹುಚ್ಚಂತೂ ವಿಚಿತ್ರವಾದುದು. ನಮ್ಮ ಈಶಾನ್ಯ ಪ್ರಾಂತದ ಭೂತ್ ಜೊಲೊಕಿಯಾ 2007ರಲ್ಲಿ ಹತ್ತು ಲಕ್ಷವನ್ನು ದಾಟಿ ಗಿನ್ನೆಸ್ ದಾಖಲೆಯಲ್ಲಿ ಅಗ್ರಪೀಠವನ್ನೇರಿತು. 2013ರಲ್ಲಿ ಅಮೆರಿಕದಲ್ಲಿ ಬೆಳೆಸಿದ ಕ್ಯಾರೊಲಿನಾ ರೀಪರ್ ಹದಿನೈದು ಲಕ್ಷವನ್ನು ಮೀರಿ ಆ ಪೀಠವನ್ನು ಕಸಿಯಿತು. 2023ರಲ್ಲಿ ಅದೇ ಬೆಳೆಗಾರನ ಪೆಪರ್ ಎಕ್ಸ್ ಇಪ್ಪತ್ತಾರು ಲಕ್ಷದಾಚೆಗೆ ನಡೆದುಬಿಟ್ಟಿತು. ಬರ್ಗರಿನ ಸಾಸಿನಲ್ಲಿ ಇವುಗಳಲ್ಲಿ ಮೊದಲೆರಡು ಇವೆಯೆಂದು ಪಟ್ಟಿ ಹೇಳುತ್ತಿತ್ತು. ನಮ್ಮ ವೀರರು ಸೊನ್ನೆಗಳನ್ನು ಬೆರಳಿಟ್ಟು ಎಣಿಸಿ, ‘ಸೊನ್ನಿ ನೋಡಿ ಅಂಜಾವ್ರಲ್ರೀ ನಾವು. ದಿನಾ ಬ್ಯಾಂಕಿನ್ಯಾಗ ನೋಡತೀವಿ’ ಎಂದರು.

ಬರ್ಗರಿಗಿಂತ ಮುಂಚೆ ಒಂದು ಪತ್ರ ಬಂದಿತು. ತಿಂದವರಿಗೆ ಏನಾದರೂ ಆದರೆ ಹೋಟೆಲಿನವರು ಹೊಣೆಯಲ್ಲವೆಂದು ಒಂದು ಪುಟದಷ್ಟು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದ್ದ ಆ ಪತ್ರಕ್ಕೆ, ಸಾಲಪತ್ರದ ಪ್ರತಿಯೊಂದು ಸಾಲನ್ನೂ ಓದದೆ ರುಜು ಹಾಕಕೂಡದೆಂದು ಮೂವತ್ತು ವರ್ಷಗಳಿಂದ ಗಿರಾಕಿಗಳಿಗೆ ಉಪದೇಶಿಸುತ್ತ ಬಂದಿರುವ ನಮ್ಮ ವೀರರು, ಕನ್ನಡಕವನ್ನೂ ಹಾಕಿಕೊಳ್ಳದೆ ರುಜು ಎಳೆದರು. ಪತ್ರದ ಹಿಂದೆಯೇ ಒಂದು ಜೊತೆ ತೆಳ್ಳನೆಯ ಕೈಗವಸು ಬಂದಿತು. ‘ಕೈಗವಸ ಹಾಕ್ಕೊಂಡು ಉಣ್ಣಾಕ ನಾನೇನು ಆಪರೇಶನ್ ಮಾಡಾಕ ಬಂದೀನೇನು?’ ಎಂದು ಅದನ್ನು ಅತ್ತ ತಳ್ಳಿದರು. ಕೊನೆಗೆ ಬಂದದ್ದು ಬರ್ಗರು: ಎಳ್ಳು ಅಂಟಿದ ಬನ್ನು, ಶಾಕಾಹಾರಿಗಳಾದ ಅವರಿಗೆಂದು ಕೋಳಿಯ ಬದಲು ಆಲೂಗೆಡ್ಡೆಯ ಟಿಕ್ಕಿ, ಅಂಚಿನಿಂದ ಇಳಿಬಿದ್ದ ಚೀಸು, ಎಲ್ಲದರ ನಡುವಿನಿಂದ ತಟ್ಟೆಗೆ ಒಸರುತ್ತಿದ್ದ, ಕೆಂಪೂ ಅಲ್ಲದ ಕಪ್ಪೂ ಅಲ್ಲದ ಒಂದು ದ್ರವ. ವೀರರು ಅದನ್ನು ಎರಡು ಕೈಗಳಿಂದಲೂ ಎತ್ತಿ ಹಿಡಿದು, ಹುಡುಗರಲ್ಲೊಬ್ಬನನ್ನು ಕರೆದು, ‘ಫೋಟೋ ಈಗ್ಲೇ ತಗಿಯೋ ತಮ್ಮಾ. ಆಮ್ಯಾಲ ಏನೂ ಉಳಿಯಂಗಿಲ್ಲ’ ಎಂದರು.

ಬಡಿಸುತ್ತಿದ್ದ ಯುವಕನು ನಾಗಾಲ್ಯಾಂಡಿನವನು; ನಗರಕ್ಕೆ ಬಂದು ಕಲಿತ ಕನ್ನಡವನ್ನು ಅಳುಕಿಲ್ಲದೆ ಮಾತನಾಡುತ್ತಿದ್ದನು. ‘ನೀ ತಿಂದೀಯೇನಪಾ ಇದನ್ನ?’ ಎಂದು ವೀರರು ಕೇಳಿದ್ದಕ್ಕೆ ಅವನು ನಸುನಕ್ಕು, ‘ಇಲ್ಲ ಸಾರ್. ನಮ್ಮ ಊರಲ್ಲಿ ಈ ಕಾಯಿ ಬೆಳೆಯುತ್ತೆ. ಅಮ್ಮ ಚಟ್ನಿಗೆ ಒಂದೇ ಒಂದು ಹಾಕ್ತಾರೆ. ಮನೆಯವರಿಗೆಲ್ಲ ಆಗುತ್ತೆ’ ಎಂದನು. ಆ ಕಾಯಿಯೊಡನೆ ಹುಟ್ಟಿ ಬೆಳೆದವರು ಅದಕ್ಕೆ ಸಲ್ಲಿಸುವ ಗೌರವ ಎಂತಹುದೆಂಬುದನ್ನು ಅವನ ಮಾತಿನಿಂದ ಯಾರಾದರೂ ಗ್ರಹಿಸಬಹುದಾಗಿತ್ತು. ನಮ್ಮ ವೀರರು ಗ್ರಹಿಸಿದ್ದು ಬೇರೆ. ‘ಪಾಪ, ಅಲ್ಲಿ ಬಾಳ ತುಟ್ಟಿ ಇರಬೇಕು’ ಎಂದು ನಮ್ಮ ಕಡೆ ತಿರುಗಿ ಮರುಗಿದರು.

ಮೊದಲ ತುತ್ತು ನಿರಾತಂಕವಾಗಿ ಇಳಿಯಿತು. ‘ಸಿಹಿ ಐತಲ್ರೋ!’ ಎಂದು ನಕ್ಕು, ಆ ನಗೆ ಮುಗಿಯುವುದರೊಳಗೆ ಎರಡನೆಯದನ್ನೂ ಕಚ್ಚಿದರು. ಇಂತಹ ಕಾಯಿಗಳ ಕುಟಿಲತೆಯೇ ಇದು. ಕಚ್ಚಿದ ಕೂಡಲೆ ಉರಿಯದೆ, ನಾಲಗೆಗೆ ಹಣ್ಣಿನ ಸಿಹಿಯನ್ನು ತೋರಿಸಿ, ತಿನ್ನುವವನು ಇನ್ನೊಂದು ತುತ್ತಿಗೆ ಬಾಯ್ದೆರೆದ ಮೇಲೆ ಹಿಂದಿನಿಂದ ಬರುತ್ತವೆ. ವೀರರ ಮಾತು ಅರ್ಧದಲ್ಲಿ ನಿಂತಿತು. ಮೊದಲು ಕಿವಿಯ ತುದಿಗಳು, ಅನಂತರ ಕುತ್ತಿಗೆ, ಆಮೇಲೆ ಕೂದಲು ಹಿಂದೆ ಸರಿದ ವಿಶಾಲವಾದ ಹಣೆ, ಹೀಗೆ ಕ್ರಮವಾಗಿ ಏರಿದ ಕೆಂಪು ನೆತ್ತಿಯನ್ನು ಮುಟ್ಟಿದಾಗ, ಬ್ಯಾಡಗಿಯ ಕೀರ್ತಿಗೆ ಕಾರಣವಾದ ಆ ವರ್ಣವನ್ನು ಅದರ ಪೂರ್ಣವೈಭವದಲ್ಲಿ ನಾವು ದರ್ಶನ ಮಾಡಿದೆವು. ಬೆವರು ನೆತ್ತಿಯಿಂದ ಹೊರಟು ಮೂಗಿನ ತುದಿಗೆ ಬಂದು ನಿಂತು, ಬೀಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ಒಂದು ಬಿಕ್ಕಳಿಕೆ; ಇನ್ನೊಂದು ಬಿಕ್ಕಳಿಕೆ. ಸೋತೆನೆಂಬ ಮಾತು ಮಾತ್ರ ಬಾಯಿಂದ ಬರಲಿಲ್ಲ. ಬರ್ಗರನ್ನು ಬಹಳ ಗಂಭೀರವಾಗಿ ತಟ್ಟೆಯಲ್ಲಿಟ್ಟು, ಸೂರಿನ ಫ್ಯಾನು ಯಾವ ಕಂಪನಿಯದೆಂದು ಪರೀಕ್ಷಿಸುವವರಂತೆ ತಲೆಯೆತ್ತಿ ಕುಳಿತರು. ಕಣ್ಣಲ್ಲಿ ತುಂಬಿದ ನೀರನ್ನು ಯಾರಿಗೂ ಕಾಣದಂತೆ ಒರಸಿಕೊಳ್ಳಬೇಕೆಂದು ಬೆರಳೆತ್ತಿದ್ದೇ ಅವರು ಮಾಡಿದ ಘೋರ ಪ್ರಮಾದ. ಆ ಬೆರಳಿಗೆ ಕೈಗವಸಿರಲಿಲ್ಲವೆಂಬುದನ್ನು ವಾಚಕರು ಮರೆತಿರಲಾರರು.

ಇನ್ನು ನಡೆದದ್ದನ್ನು ವರ್ಣಿಸುವುದು ಸಜ್ಜನಿಕೆಯಲ್ಲ. ನೀರು ತರಿಸಿದರು, ಕುಡಿದರು, ಮತ್ತೆ ತರಿಸಿದರು. ಕುಡಿದಷ್ಟೂ ಉರಿ ಹರಡಿತು. ಈ ನಡುವೆ ಹುಡುಗರಲ್ಲಿ ಓದಿಕೊಂಡವನೊಬ್ಬನು ಮೊಬೈಲನ್ನು ತೆಗೆದು, ಖಾರಕ್ಕೆ ಮೂಲವಾದ ಕ್ಯಾಪ್ಸೈಸಿನ್ ಎಂಬ ವಸ್ತು ಎಣ್ಣೆಯ ಜಾತಿಯದಾದ್ದರಿಂದ ನೀರಿನಲ್ಲಿ ಕರಗದೆಂದೂ, ಹಾಲಿನಲ್ಲಿರುವ ಕೇಸೀನ್ ಅದನ್ನು ಹಿಡಿದು ತೊಳೆದೊಯ್ಯುವುದೆಂದೂ, ನಿಜವಾಗಿ ನಾಲಗೆ ಬೆಂದೇ ಇಲ್ಲವೆಂದೂ, ಸುಮಾರು 43 ಡಿಗ್ರಿಗೆ ಮೀರಿದ ಬಿಸಿ ತಾಕಿದಾಗ ತೆರೆಯಬೇಕಾದ ನರದ ಬಾಗಿಲೊಂದನ್ನು ಈ ವಸ್ತು ಬಿಸಿಯಿಲ್ಲದೆಯೇ ತೆರೆದು ಮೆದುಳಿಗೆ ಸುಳ್ಳು ಹೇಳುತ್ತಿದೆಯಷ್ಟೆ ಎಂದೂ, ಆ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿಗೆ 2021ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಟ್ಟರೆಂದೂ ಓದಿ ಹೇಳುತ್ತಿದ್ದನು. ಪಕ್ಷಿಗಳಲ್ಲಿ ಆ ಬಾಗಿಲು ಈ ಸುಳ್ಳಿಗೆ ಮಣಿಯುವುದಿಲ್ಲವಾದ್ದರಿಂದ ಗಿಳಿಗೆ ಎಂತಹ ಮೆಣಸಿನಕಾಯಿಯೂ ಖಾರವಲ್ಲ ಎಂಬ ಕಡೆಯ ವಾಕ್ಯವನ್ನು ಅವನು ಓದಬಾರದಾಗಿತ್ತು. ವೀರರು ತೆರೆದಿದ್ದ ಒಂದು ಕಣ್ಣಿನಿಂದಲೇ ಅವನನ್ನು ನೋಡಿದ ನೋಟದಲ್ಲಿ ಅವನ ಮುಂದಿನ ವರ್ಗಾವಣೆಯ ಊರು ನಿರ್ಧಾರವಾದಂತೆ ತೋರಿತು. ಕಡೆಗೆ ಆ ನಾಗಾ ಯುವಕನೇ ಯಾರೂ ಕೇಳದೆ ಒಂದು ದೊಡ್ಡ ಲೋಟದ ತುಂಬ ತಣ್ಣನೆಯ ಹಾಲನ್ನು ತಂದಿಟ್ಟು, ಬಾಯಲ್ಲಿ ಸ್ವಲ್ಪ ಹೊತ್ತು ಹಿಡಿದಿರಬೇಕೆಂದು ಹೇಳಿ, ಕಣ್ಣಿಗೆಂದು ಒದ್ದೆ ಬಟ್ಟೆಯನ್ನು ಕೊಟ್ಟು, ಮುಖದಲ್ಲಿ ನಗೆಯ ಸುಳಿವೂ ಇಲ್ಲದಂತೆ ಅಡುಗೆಮನೆಗೆ ಹೋದನು. ನಗುವುದಕ್ಕೆಂದೇ ಒಳಕ್ಕೆ ಹೋದನೋ ಏನೋ, ಹೇಳಲಾರೆ.

ಸೋಮವಾರ ಮಧ್ಯಾಹ್ನ ಡಬ್ಬಿಗಳು ಬಿಚ್ಚಿಕೊಂಡವು. ವೀರರು ಎಂದಿನಂತೆ ಬಂದರು. ಎಂದಿನಂತೆ ಇಣಿಕಿ ನೋಡಿ ಮರುಕಪಟ್ಟರು. ಶನಿವಾರದ ವೃತ್ತಾಂತವನ್ನು ಕೇಳಿದವರಿಗೆಲ್ಲ, ‘ಅಂಥಾ ಖಾರ ಏನಿಲ್ರೀ. ಆ ಚೀಸ್ ಐತಲ್ಲ, ಅದು ನಂಗ ಒಗ್ಗಂಗಿಲ್ಲ. ಇಲ್ಲಂದ್ರ ಇನ್ನೊಂದು ಹೇಳಾಂವ ಇದ್ದೆ’ ಎಂದು ಸಮಾಧಾನವಾಗಿ ತಿಳಿಸಿದರು. ನಾವು ಕಂಡವರೆಲ್ಲ ಬಾಯಿ ಬಿಡಲಿಲ್ಲ. ರಜೆಯ ಅರ್ಜಿಗಳು ಅವರ ಮೇಜಿನ ಮೇಲಿದ್ದವೆಂಬುದು ಒಂದು ಕಾರಣ. ಕಥೆಯು ಅವರ ಬಾಯಲ್ಲಿ ಸೊಗಸಾಗಿ ಬೆಳೆಯುತ್ತಿತ್ತೆಂಬುದು ಇನ್ನೊಂದು. ಬುಧವಾರದ ಹೊತ್ತಿಗೆ ಚೀಸಿನ ಮಾತು ಅಳಿಸಿಹೋಗಿ ಬರ್ಗರು ಪೂರ್ತಿ ಮುಗಿದಿತ್ತು. ಶುಕ್ರವಾರ, ರಜೆಯಿಂದ ಅದೇ ತಾನೇ ಹಿಂದಿರುಗಿದ್ದ ಕ್ಯಾಷಿಯರ್ ಮೇಡಮ್ಮನವರಿಗೆ ಮೊಬೈಲಿನಲ್ಲಿ ಆ ಭಾವಚಿತ್ರವನ್ನು ತೋರಿಸುತ್ತಿದ್ದರು. ಅವರು ಅದನ್ನು ಕೈಗೆ ತೆಗೆದುಕೊಂಡು, ಬೆರಳಿನಿಂದ ಹಿಗ್ಗಿಸಿ ನೋಡಿ, ‘ಇದರಲ್ಲಿ ಬರ್ಗರ್ ಹಾಗೇ ಇದೆಯಲ್ಲ ಸಾರ್, ಒಂದು ಕಡೆಯೂ ಕಚ್ಚಿಲ್ಲ?’ ಎಂದು ಕೇಳಿದರು.

‘ಅದು ಎರಡನೇದ್ರೀ, ಮೇಡಂ’ ಎಂದರು ನಮ್ಮ ವೀರರು.