ಫ್ರಿಜ್ಜಿನ ಮೇಲಿನ ತೆಂಗಿನಮರ

ಫೋನಿನಲ್ಲಿ ಸಿಟ್ಟು ತೋರಿಸುವ ಅನುಕೂಲವೇ ಈಗ ಇಲ್ಲ. ಹಿಂದೆ ನಡುಮನೆಯ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿರುತ್ತಿದ್ದ ಫೋನಿಗೆ ರಿಸೀವರ್ ಅಂತ ಒಂದಿತ್ತು. ಬೇಡದವರ ಮಾತು ಅತಿಯಾದರೆ ಅದನ್ನು ಕುಕ್ಕಬಹುದಿತ್ತು. ಕುಕ್ಕಿದ ಸದ್ದು ಆ ಕಡೆಯವರ ಕಿವಿಗೂ ಬಡಿಯುತ್ತದೆ ಎಂಬ ನಂಬಿಕೆಯಲ್ಲಿ ನಾವು ನೆಮ್ಮದಿಯಾಗಿದ್ದೆವು. ಈಗಿನ ಫೋನಿನಲ್ಲಿ ಎಷ್ಟೇ ಕೋಪ ಬಂದರೂ ಗಾಜಿನ ಮೇಲೆ ಮೂಡಿದ ಕೆಂಪು ಬಿಲ್ಲೆಯನ್ನು ಮೆಲ್ಲಗೆ ಮುಟ್ಟಬೇಕು, ಕೆನ್ನೆ ಸವರಿ ಬೈದ ಹಾಗೆ. ಜೋರಾಗಿ ಕುಟ್ಟಿದರೆ ಏಟು ಗಾಜಿಗೆ. ಗಾಜಿನ ಬೆಲೆ ಕೇಳಿದ ಮೇಲೆ ನಮಗೆ.

ಈ ಎರಡರ ನಡುವೆ ಕೆಲವು ವರ್ಷ ಮಡಚುವ ಫೋನು ರಾಜ್ಯವಾಳಿತು. ಮೊಟೊರೋಲಾದವರು 1989ರಲ್ಲಿ ಗುಂಡಿಗಳ ಮೇಲೊಂದು ರೆಪ್ಪೆ ಮುಚ್ಚುವ ಮೈಕ್ರೋಟ್ಯಾಕ್ ತಂದರು, 1996ರಲ್ಲಿ ಪೂರಾ ಎರಡಾಗಿ ಮಡಚುವ ಸ್ಟಾರ್‌ಟ್ಯಾಕ್. 2004ರಲ್ಲಿ ಬಂದ ರೇಜರ್ ಅಂತೂ 13 ಕೋಟಿಗೂ ಮೀರಿ ಮಾರಾಟವಾಯಿತು. ನನ್ನದು ಅದಲ್ಲ. ನನ್ನದರ ಕಂಪನಿಯ ಹೆಸರು ಅಂಗಿಯ ಜೇಬಿಗೆ ಉಜ್ಜಿ ಉಜ್ಜಿ ಅಳಿಸಿಹೋಗಿದೆ. ಉಳಿದಿರುವ ಎರಡಕ್ಷರದಿಂದ ಯಾರ ಮಾನವೂ ಹೋಗುವುದಿಲ್ಲ. ಒಳಬರುವ ಕರೆಗೂ ದುಡ್ಡು ತೆರುತ್ತಿದ್ದ ಕಾಲ 2003ರಲ್ಲಿ ಮುಗಿದಿತ್ತಷ್ಟೆ. ಅಲ್ಲಿಯವರೆಗೆ ಬಿಲ್ಲಿನ ಹೆದರಿಕೆಗೆ ಬಾಯಿ ಬಿಗಿಹಿಡಿದಿದ್ದ ನೆಂಟರಿಷ್ಟರೆಲ್ಲ ಒಮ್ಮೆಲೇ ಬಿಡುಗಡೆಯಾದರು. ಅವರನ್ನು ಎದುರಿಸಲು ನನ್ನ ಬಳಿ ಇದ್ದ ಒಂದೇ ಆಯುಧ ಆ ಮುಚ್ಚಳ. ‘ಟಪ್’ ಅಂದರೆ ಮುಗಿಯಿತು. ಸ್ಮಾರ್ಟ್‌ಫೋನ್ ಬಂದಮೇಲೂ ಅದನ್ನು ಬಿಡಲಿಲ್ಲ. ನಮ್ಮಲ್ಲಿ 2ಜಿ ಇನ್ನೂ ಪೂರ್ತಿ ಸತ್ತಿಲ್ಲ. ಈಗಿನ ಪುಟಾಣಿ ಸಿಮ್ಮಿಗೆ ಪ್ಲಾಸ್ಟಿಕ್ಕಿನ ಚೌಕಟ್ಟು ತೊಡಿಸಿದರೆ ಹಳೆಯ ಗೂಡಿನಲ್ಲೂ ಕೂರುತ್ತದೆ.

ಇಂಥ ಫೋನಿಗೆ ರೋಗ ಬಂತು. ಪೂರ್ತಿ ತೆರೆದರೆ ಪರದೆ ಬೆಳ್ಳಗೆ, ಅರ್ಧ ತೆರೆದರೆ ಸರಿ. ಕೆಲವು ಕಾಲ ಅರ್ಧವೇ ತೆರೆದು, ಕತ್ತು ಓರೆ ಮಾಡಿ, ಬಿರುಕಿನಲ್ಲಿ ಇಣುಕಿ ಯಾರೆಂದು ನೋಡುತ್ತಿದ್ದೆ. ಬಸ್ಸಿನಲ್ಲಿ ಪಕ್ಕದವರು ಸರಿದು ಕೂರಲು ಶುರುಮಾಡಿದ ಮೇಲೆ ಸರ್ವಿಸ್ ಸೆಂಟರಿಗೆ ಹೋದೆ. ಯಾವುದು ಅಂತ ಕೇಳಬೇಡಿ, ಎಲ್ಲ ಒಂದೇ. ಟೋಕನ್ ಕೊಟ್ಟರು, ನೀರು ಕೊಟ್ಟರು. ಟೈ ಕಟ್ಟಿದ ಹುಡುಗಿ ಬಹಳ ಹೊತ್ತು ಕಂಪ್ಯೂಟರ್ ನೋಡಿ, “ಈ ಮಾಡೆಲ್ ಇಲ್ಲವೇ ಇಲ್ಲ ಸಾರ್” ಎಂದಳು. ಫೋನು ಅವಳ ಮೊಣಕೈ ಪಕ್ಕದಲ್ಲೇ ಇತ್ತು. “ಇದೆಯಲ್ಲಮ್ಮ” ಎಂದೆ. “ಸಿಸ್ಟಮ್‌ನಲ್ಲಿ ಇಲ್ಲ ಸಾರ್” ಎಂದಳು, ಸಿಸ್ಟಮ್‌ನಲ್ಲಿ ನಾನೂ ಇಲ್ಲವೇನೋ ಎಂಬಂತೆ ನನ್ನನ್ನು ದಾಟಿ ಮುಂದಿನ ಟೋಕನ್ ಕೂಗುತ್ತಾ.

ಎಸ್.ಪಿ. ರೋಡಿನ ಫೋನ್ ರಿಪೇರಿ ಹುಡುಗ ಹಾಗಲ್ಲ. ಫೋನನ್ನು ಎರಡು ಸಲ ಬಿಚ್ಚಿ ಮುಚ್ಚಿ, ಕಿವಿಯ ಹತ್ತಿರ ಹಿಡಿದು, “ಸ್ಟ್ರಿಪ್ ಹೋಗಿದೆ ಸಾರ್” ಎಂದ. ಕೆಳಗಿನ ಅರ್ಧದ ಬೋರ್ಡಿನಿಂದ ಮೇಲಿನ ಅರ್ಧದ ಪರದೆಗೆ ಕೀಲಿನೊಳಗೆ ಸುರುಳಿಯಾಗಿ ಹಾಯುವ ಒಂದು ಪಟ್ಟಿಯಿದೆ. ಜೇನಿನ ಬಣ್ಣದ ತೆಳು ಪ್ಲಾಸ್ಟಿಕ್ಕು. ಅದರೊಳಗೆ ಒಂದರ ಪಕ್ಕ ಒಂದರಂತೆ ತಾಮ್ರದ ಗೆರೆಗಳು. ಪ್ರತಿ ಸಲ ತೆರೆದು ಮುಚ್ಚಿದಾಗಲೂ ತಾಮ್ರ ಬಾಗಿ ಬಾಗಿ ದಣಿಯುತ್ತದೆ, ಕಡೆಗೊಂದು ದಿನ ಯಾವುದೋ ಒಂದು ಗೆರೆ ಸೀಳುತ್ತದೆ. ಅಂದರೆ ನೆಂಟರಿಗೆಂದು ನಾನು ಹೊಡೆದ ಏಟುಗಳೆಲ್ಲ ಆ ಬಡಪಾಯಿ ತಾಮ್ರಕ್ಕೆ ಬಿದ್ದಿದ್ದವು.

ಸತ್ತ ಫೋನುಗಳ ಡಬ್ಬ ಕೆದಕಿ ಅವನು ಅದೇ ಜಾತಿಯ ಹೆಣವೊಂದನ್ನು ಹುಡುಕಿ ತೆಗೆದ. ಅದರ ಬೆನ್ನು ಬಿಚ್ಚುವಾಗ ಅವನ ಮುಖದಲ್ಲಿ ಒಂದು ಖುಷಿಯಿತ್ತು. “ನೋಡಿ ಸಾರ್, ಸ್ಕ್ರೂ! ಈಗಿನದಕ್ಕೆಲ್ಲ ಬರೀ ಅಂಟು. ಬಿಸಿ ಮಾಡಿ, ಕೇಬಲ್ ಕಟ್ ಆಗದಂಗೆ ಎಬ್ಬಿಸ್ಬೇಕು. ಗ್ಲಾಸ್ ಬಿರುಕು ಬಿಟ್ರೆ ನಮ್ ಕೈಯಿಂದ ಕಟ್ಬೇಕು” ಎಂದ. ಎಡಗೈ ತೋರುಬೆರಳ ತುದಿ ಸುಟ್ಟು ಸುಟ್ಟು ಹೊಳೆಯುತ್ತಿತ್ತು. ಅವನಿಗೆ ಯಾವ ಕಂಪನಿಯೂ ನಕ್ಷೆ ಕೊಟ್ಟಿಲ್ಲ, ಬಿಡಿಭಾಗ ಕೊಟ್ಟಿಲ್ಲ, ಪಾಠ ಹೇಳಿಲ್ಲ. ಕಲಿತದ್ದೆಲ್ಲ ಹೆಣ ಕೊಯ್ದೇ. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ‘ರಿಪೇರಿಯ ಹಕ್ಕು’ ಅಂತ ಒಂದು ಸಮಿತಿ ಮಾಡಿ, ಆ ವರ್ಷದ ಕೊನೆಗೆ ಪೋರ್ಟಲ್ಲನ್ನೂ ತೆರೆಯಿತು. ಯುರೋಪಿನವರು 2027ರ ಫೆಬ್ರವರಿಯಿಂದ ಬ್ಯಾಟರಿಯನ್ನು ಕೊಂಡವರೇ ಬಿಚ್ಚುವಂತಿರಬೇಕು ಎಂದು ಕಾನೂನೇ ಮಾಡಿಟ್ಟಿದ್ದಾರೆ. ನನ್ನ ಫೋನಿನ ಬ್ಯಾಟರಿಯನ್ನು ಉಗುರಿನಲ್ಲಿ ತೆಗೆಯಬಹುದಿತ್ತು, ಇಪ್ಪತ್ತು ವರ್ಷದ ಹಿಂದೆಯೇ. ಆ ಅನುಕೂಲ ತಪ್ಪಿಸಿ, ಅಂಟು ಹಾಕಿ ಮುಚ್ಚಿ, ಈಗ ಮತ್ತೆ ಬಿಚ್ಚುವಂತೆ ಮಾಡುವುದಕ್ಕೆ ಕಾಯ್ದೆ ಬೇಕಾಗಿದೆ. ಇದರಲ್ಲಿ ನಗುವಂಥದ್ದು ಏನೂ ನನಗೆ ಕಾಣಲಿಲ್ಲ. ಆ ಹುಡುಗ ಮಾತ್ರ ನಗುತ್ತಲೇ, “ಫಿಟ್ಟಿಂಗ್ ನಾನೇ ಮಾಡ್ಕೊಡ್ತೀನಿ ಸಾರ್, ಅರ್ಧ ಗಂಟೆ” ಎಂದ.

ಬೇಡ ಎಂದೆ. ಏಕೆ ಎಂದು ಹೆಂಡತಿ ಆಮೇಲೆ ಅನೇಕ ರೀತಿಯಲ್ಲಿ ಕೇಳಿದ್ದಾಳೆ. ಸ್ಕ್ರೂ ಕಂಡ ಗಂಡಸಿಗೆ ಆಗುವುದೇ ಹಾಗೆ. ಸ್ಟ್ರಿಪ್ಪಿನ ಜೊತೆಗೆ ಆರು ಮೂಲೆಯ ಟಾರ್ಕ್ಸ್ ಸ್ಕ್ರೂಡ್ರೈವರುಗಳ ಒಂದು ಪೆಟ್ಟಿಗೆಯನ್ನೂ ಕೊಂಡೆ; ಅದಕ್ಕೆ ಸ್ಟ್ರಿಪ್ಪಿನ ಮೂರರಷ್ಟು ಬೆಲೆ.

ಬಿಚ್ಚಿದ ಕಥೆಯನ್ನು ಉದ್ದ ಮಾಡುವುದಿಲ್ಲ. ಸ್ಕ್ರೂಗಳು ರಬ್ಬರಿನ ಬಿರಡೆಗಳ ಕೆಳಗೆ ಅವಿತಿದ್ದವು. ಒಂದು ವಾರಂಟಿ ಚೀಟಿಯ ಕೆಳಗೆ, ಅದನ್ನು ಹರಿಯುವಾಗ ಒಂದು ಬಗೆಯ ಸುಖವಾಯಿತು. ಕಳೆದುಹೋಗದಿರಲೆಂದು ಖಾನೆಗೊಂದರಂತೆ ಒಗ್ಗರಣೆ ಡಬ್ಬಿಯಲ್ಲಿ ಇಟ್ಟೆ. ಸಾಸಿವೆ ಖಾನೆ ಪೂರ್ತಿ ಖಾಲಿಯಾಗಿರಲಿಲ್ಲ ಎಂಬುದು ತಡವಾಗಿ ಗೊತ್ತಾಯಿತು. ಕವಚದ ಸಂದಿಯಲ್ಲಿ ಅವಧಿ ಮುಗಿದ ಎ.ಟಿ.ಎಂ. ಕಾರ್ಡು ತೂರಿಸಿ ಎಬ್ಬಿಸುತ್ತಾ ಹೋದರೆ ಒಳಗಿನ ಕೊಕ್ಕೆಗಳು ‘ಟಕ್ ಟಕ್’ ಎಂದು ಬಿಡುತ್ತವೆ. ಮುರಿದರೂ ಟಕ್ ಎಂದೇ ಕೇಳಿಸುತ್ತದೆ. ದಾರಿ ತೋರಲೆಂದು ಹಾಕಿಕೊಂಡಿದ್ದ ರಿಪೇರಿ ವಿಡಿಯೊದಲ್ಲಿ ಬರೀ ಎರಡು ಕೈಗಳು ಕಾಣುತ್ತಿದ್ದವು. ಆ ಕೈಗಳ ಒಡೆಯ, ಕೀಲಿನ ತೂತಿನಲ್ಲಿ ಸ್ಟ್ರಿಪ್ಪನ್ನು ಒಂದು ಸುತ್ತು ಸುತ್ತಿ ತೂರಿಸುವ ಜಾಗ ಬಂದಾಗ ಮಾತ್ರ ಹಾಡು ಹಾಕಿ ಆ ಭಾಗವನ್ನು ಓಡಿಸಿಬಿಟ್ಟಿದ್ದ. ಅವನಿಗೆ ಒಳ್ಳೆಯದಾಗದಿರಲಿ. ಸುತ್ತು ತಿರುಗಾಮುರುಗಾ ಆದರೆ ಉದ್ದ ಸಾಲದೆ ತುದಿ ಕನೆಕ್ಟರಿಗೆ ಮುಟ್ಟುವುದೇ ಇಲ್ಲ. ಮಗಳು ಇಣುಕಿ, “ಹೊಸದು ತಗೋ ಅಪ್ಪಾ, ಈಗ ಸ್ಕ್ರೀನೇ ಮಡಚುತ್ತೆ” ಎಂದಳು. ಬೆಲೆ ಕೇಳಿ ಕೆಲಸ ಮುಂದುವರಿಸಿದೆ.

ಕವಚ ಮುಚ್ಚುವ ಮೊದಲು ಪರೀಕ್ಷೆ ಮಾಡಬೇಕೆಂಬುದು ಈ ವಿದ್ಯೆಯ ಮೊದಲ ಪಾಠ. ಬ್ಯಾಟರಿ ಬೀಳದಂತೆ ರಬ್ಬರ್ ಬ್ಯಾಂಡ್ ಬಿಗಿದು ಆನ್ ಮಾಡಿದೆ. ಪರದೆ ಬೆಳಗಿತು. ಹೆಂಡತಿಯನ್ನು ಕೂಗಿ ಕರೆಯಬೇಕು ಎನ್ನುವಷ್ಟರಲ್ಲಿ ಅದು ರಿಂಗಾಯಿತು.

ಆಗಿನ ನನ್ನ ಭಂಗಿಯನ್ನು ಸ್ವಲ್ಪ ನೋಡಬೇಕು. ಎಡಗೈಯಲ್ಲಿ ಫೋನಿನ ಮೇಲಿನ ಅರ್ಧ: ಪರದೆ ಮತ್ತು ಕಿವಿಗೆ ಹಿಡಿಯುವ ಸ್ಪೀಕರು. ಬಲಗೈಯಲ್ಲಿ ಕೆಳಗಿನ ಅರ್ಧ: ಬೋರ್ಡು, ಬ್ಯಾಟರಿ, ಮೈಕು. ಎರಡರ ನಡುವೆ ಎರಡಿಂಚು ಸ್ಟ್ರಿಪ್ಪು, ಅದೂ ಈಗಷ್ಟೇ ಹಾಕಿದ್ದು. ಯಾವ ಕೈ ಇಳಿಸಿದರೂ ಅದು ಹರಿಯಬಹುದು. ಗುಂಡಿಗಳ ಹಲಗೆ ಮೇಜಿನ ಮೇಲೆ. ಅದಿದ್ದ ಜಾಗದಲ್ಲಿ ಅಂಟಿನ ಪೊರೆಯಡಿ ಸಾಲಾಗಿ ಉಬ್ಬಿದ ಲೋಹದ ಬಿಲ್ಲೆಗಳು, ಒಂದರ ಮೇಲೂ ಹೆಸರಿಲ್ಲ, ಸಂಖ್ಯೆಯಿಲ್ಲ. ಯಾವ ಗುಂಡಿ ಒತ್ತಿದರೂ ಕರೆ ಎತ್ತಿಕೊಳ್ಳುವಂತೆ ಹಿಂದೆಂದೋ ನಾನೇ ಮಾಡಿಟ್ಟಿದ್ದೆ. ಗಾಬರಿಯ ಹೆಬ್ಬೆರಳು ಒಂದರ ಮೇಲೆ ಕೂತಿತು.

“ಏನೋ, ತಿಂಡಿ ಆಯ್ತಾ?” ತಿಪಟೂರಿನ ಚಿಕ್ಕಮ್ಮ.

ಎಡಗೈ ಕಿವಿಗೆ, ಬಲಗೈ ಬಾಯಿಗೆ. ಆಯ್ತು ಎಂದೆ. ಚಿಕ್ಕಮ್ಮ ಶುರುಮಾಡಿದರು. ಮೊಮ್ಮಗನ ಜಾತಕದಿಂದ ಹೊರಟು, ಬೀಗರ ಮನೆಯ ಗೃಹಪ್ರವೇಶಕ್ಕೆ ಬಂದು, ಅಲ್ಲಿನ ಪಾಯಸದ ಬಳಿ ನಿಂತು, “ಸರಿ, ಇಡ್ಲಾ?” ಎಂದರು. ನಮ್ಮ ಕಡೆ ಇದರರ್ಥ ಪೂರ್ವಾರ್ಧ ಮುಗಿಯಿತು ಎಂದು. “ಇಡಿ ಚಿಕ್ಕಮ್ಮಾ” ಎಂದೆ. “ಮತ್ತೆ?” ಎಂದರು. ಮತ್ತೆ ಎಂದ ಮೇಲೆ ಮತ್ತೆ ಪಾಯಸ. ಭುಜ ಸೆಳೆಯತೊಡಗಿತು. ಕೆಂಪು ಗುಂಡಿ ಬಲಗಡೆ ಮೇಲಿರುವುದು ಗೊತ್ತಿತ್ತು, ಹೆಬ್ಬೆರಳು ಚಾಚಿದೆ. ಅಲ್ಲಿ ಬಿಲ್ಲೆಯೇ ಇಲ್ಲ! ಗುಂಡಿಗಳ ಹಲಗೆ ಎಬ್ಬಿಸುವಾಗ ಆ ಒಂದು ಬಿಲ್ಲೆ ಅದಕ್ಕೇ ಅಂಟಿಕೊಂಡು ಎದ್ದು ಹೋಗಿತ್ತು. ಪಕ್ಕದ್ದನ್ನು ಒತ್ತಿದೆ. ಲೌಡ್‌ಸ್ಪೀಕರ್ ಶುರುವಾಯಿತು.

“...ನಿನ್ನ ಹೆಂಡ್ತಿ ಕೊಟ್ಟ ಸೀರೆ ಒಂದೇ ಒಗೆತಕ್ಕೆ ಬಣ್ಣ ಬಿಡ್ತು ಕಣೋ. ಅವಳಿಗೆ ಹೇಳ್ಬೇಡ, ಪಾಪ ನೊಂದ್ಕೋತಾಳೆ.”

ಅವಳು ಒಗ್ಗರಣೆ ಡಬ್ಬಿ ಹುಡುಕುತ್ತಾ ಬಂದು ಬಾಗಿಲಲ್ಲಿ ನಿಂತಿದ್ದಳು. ಸೀರೆ ಆರಿಸಿದ್ದು ನಾನು. ಅದು ಚಿಕ್ಕಮ್ಮನಿಗೆ ಗೊತ್ತಿಲ್ಲ, ಅವಳಿಗೆ ಗೊತ್ತಿದೆ.

ಆಗ ನನಗೆ ಹಾಲ್ ನೆನಪಾದ. ಮುಚ್ಚಳ ಮುಚ್ಚಿತೆಂದು ಫೋನಿಗೆ ತಿಳಿಯುವುದು ಅಯಸ್ಕಾಂತದಿಂದ. ಮೇಲಿನ ಅರ್ಧದ ಕವಚದಲ್ಲೊಂದು ಪುಟ್ಟ ಅಯಸ್ಕಾಂತ. ಕೆಳಗಿನ ಬೋರ್ಡಿನಲ್ಲಿ ಅದರ ಸುಳಿವು ಹಿಡಿಯುವ ಹಾಲ್ ಸೆನ್ಸರ್. 1879ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ಸಂಶೋಧನಾ ವಿದ್ಯಾರ್ಥಿ, ವಿದ್ಯುತ್ ಹರಿಯುವ ಚಿನ್ನದ ತೆಳು ರೇಕನ್ನು ಅಯಸ್ಕಾಂತಗಳ ನಡುವೆ ಇಟ್ಟು, ರೇಕಿನ ಅಡ್ಡಕ್ಕೆ ಚಿಟಿಕೆಯಷ್ಟು ವೋಲ್ಟೇಜು ಹುಟ್ಟುವುದನ್ನು ಕಂಡ. ಅದರಿಂದ ಒಂದು ದಿನ ಚಿಕ್ಕಮ್ಮಂದಿರನ್ನು ನಿಲ್ಲಿಸಬಹುದೆಂದು ಅವನಿಗೆ ಹೊಳೆದಿರಲಾರದು. ನನ್ನ ಕವಚ ಅಯಸ್ಕಾಂತದ ಸಮೇತ ಸೋಫಾದ ಕೆಳಗೆಲ್ಲೋ ಹಾರಿತ್ತು. ಆದರೆ ಫ್ರಿಜ್ಜಿನ ಬಾಗಿಲ ಮೇಲೆ ಗೋವಾದಿಂದ ತಂದ ಮರದ ತೆಂಗಿನಮರವಿತ್ತು. ಅದರ ಬೆನ್ನಿಗೆ ಒಳ್ಳೆಯ ದಪ್ಪ ಅಯಸ್ಕಾಂತ.

“ಲೇ, ತೆಂಗಿನಮರ ತಗೊಂಬಾರೇ!” ಎಂದು ಕೂಗಿದೆ.

ಹೆಂಡತಿ ಕದಲಲಿಲ್ಲ. ಆದರೆ ಚಿಕ್ಕಮ್ಮ ಅರ್ಧ ವಾಕ್ಯದಲ್ಲಿ ನಿಂತರು. ಅವರ ಬಾಯಿ ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ಕೇಳಿಯೇ ಇರಲಿಲ್ಲ.

“ತೆಂಗಿನಮರಾನಾ? ತಗೋತಿದ್ದೀಯಾ? ಎಷ್ಟು ಮರ?”

“ಮರ ಅಲ್ಲ ಚಿಕ್ಕಮ್ಮಾ, ಫ್ರಿಜ್ಜು...”

“ಫ್ರಿಜ್ಜು ಮಾರ್ಬೇಡ್ವೋ. ದುಡ್ಡು ಸಾಲ್ದಿದ್ರೆ ನಮ್ಮನ್ನ ಕೇಳು. ನುಸಿ ಬಿದ್ದಿದ್ಯಾ ನೋಡ್ಕೊಂಡ್ಯಾ? ನೀರು ಹೆಂಗಿದೆ? ಉಂಡೆ ಕೊಬ್ಬರಿಗೆ ಈಗ ರೇಟಿದೆ ಅಂತ ಎಲ್ರೂ ಮುಗಿಬೀಳ್ತಿದ್ದಾರೆ. ಮೋಸ ಹೋಗ್ತೀಯ, ನೀನು ಮೊದಲೇ ಮಂಕು.”

ಹೆಂಡತಿ ಈಗ ಕದಲಿದಳು. ಮಂಕು ಎಂಬ ಮಾತು ಪೂರ್ತಿಯಾಗಲೆಂದೇ ಕಾದಂತಿತ್ತು. ತೆಂಗಿನಮರ ತಂದು ನನ್ನ ಮುಖದ ಮುಂದೆ ಹಿಡಿದಳು. “ಇಲ್ಲಿ, ಬೋರ್ಡಿನ ಮೇಲೆ” ಎಂದು ಗದ್ದದಿಂದ ತೋರಿಸಿದೆ. ಇಟ್ಟಳು. ಏನೂ ಆಗಲಿಲ್ಲ. ಚಿಕ್ಕಮ್ಮ ಬೋರ್‌ವೆಲ್ಲಿಗೆ ಇಳಿದಿದ್ದರು. ಈ ಸೆನ್ಸರುಗಳಲ್ಲಿ ಕೆಲವಕ್ಕೆ ಧ್ರುವದ ಪಕ್ಷಪಾತ ಇರುತ್ತದೆ, ಉತ್ತರಕ್ಕೆ ಒಲಿದದ್ದು ದಕ್ಷಿಣಕ್ಕೆ ಒಲಿಯುವುದಿಲ್ಲ. “ತಿರುಗಿಸು, ತಿರುಗಿಸು” ಎಂದೆ. “ಏನ್ ತಿರುಗ್ಸೋದು? ಪಾಣೀನಾ?” ಎಂದರು ಚಿಕ್ಕಮ್ಮ. ಹೆಂಡತಿ ಮರವನ್ನು ಮಗುಚಿ ಗರಿಯ ಕಡೆಯಿಂದ ಒತ್ತಿದಳು.

ಪರದೆ ಆರಿತು. ಮನೆ ನಿಶ್ಶಬ್ದವಾಯಿತು. ಇಡೀ ಬಂಧುವರ್ಗದಲ್ಲಿ ಚಿಕ್ಕಮ್ಮನ ಮಾತನ್ನು ಅರ್ಧಕ್ಕೆ ಕಡಿದ ಮೊದಲ ಸೊಸೆ ನನ್ನ ಹೆಂಡತಿ, ಅದೂ ತೆಂಗಿನಮರದಿಂದ. ಅವಳ ಮುಖದಲ್ಲಿ ನಗು ಮೂಡುತ್ತಿತ್ತು. ಸೀರೆಯ ವಿಷಯ ನೆನಪಾಗಿ ಅದನ್ನು ಅರ್ಧಕ್ಕೆ ತಡೆದಳು.

ಮಿಕ್ಕದ್ದು ಎಸ್.ಪಿ. ರೋಡಿನ ಹುಡುಗನದೇ ಕೆಲಸ. ಬಿಲ್ಲೆ ಕೂರಿಸಿ, ಕೀಲು ಸರಿಮಾಡಿ, ಕವಚ ಮುಚ್ಚಿಕೊಟ್ಟ. “ಆ ಜಾಗಕ್ಕೆ ಟ್ವೀಜರ್ ಇಟ್ಟು ಶಾರ್ಟ್ ಮಾಡಿದ್ರೆ ಕಟ್ ಆಗ್ತಿತ್ತು ಸಾರ್” ಎಂದ. ಮೂರನೆಯ ಕೈ ಎಲ್ಲಿ ಸಿಗುತ್ತದೆಂದು ಹೇಳಲಿಲ್ಲ. ಒಳಗಿಂದ ಉದುರಿದ ಎರಡು ಸಾಸಿವೆ ಕಾಳನ್ನು ಮಾತಿಲ್ಲದೆ ನನ್ನ ಅಂಗೈಗೆ ಹಾಕಿದ. ಪರದೆಯ ಗಾಜಿನಡಿ ಒಂದು ಬಿಳಿ ಕೂದಲು ಸಿಕ್ಕಿಕೊಂಡಿದೆ. ನನ್ನದಲ್ಲ ಎಂದು ಅವನೂ, ಅವನದಿರಲಾರದು ಎಂದು ನಾನೂ ಒಪ್ಪಿದೆವು.

ಈಗ ಫೋನು ಚೆನ್ನಾಗಿದೆ, ಆದರೆ ಬಿಡುವಿಲ್ಲ. ನಾನು ಫ್ರಿಜ್ಜು ಮಾರಿ ತೋಟ ಕೊಳ್ಳುತ್ತಿದ್ದೇನೆಂಬ ಸುದ್ದಿ ತಿಪಟೂರಿನಿಂದ ಅರಸೀಕೆರೆಯವರೆಗೆ ಹಬ್ಬಿದೆ. ದಲ್ಲಾಳಿಗಳು ಮುಂಜಾನೆಯೇ ಶುರುಮಾಡುತ್ತಾರೆ. ಮೊನ್ನೆ ಒಬ್ಬ, “ಎರಡೆಕರೆ ಇಪ್ಪತ್ತು ಗುಂಟೆ ಸಾರ್, ಫಸಲಿಗೆ ಬಂದಿರೋ ಮರ, ಬೋರಲ್ಲಿ ಎರಡೂವರೆ ಇಂಚು ನೀರು” ಎಂದ. ನನಗೆ ತೋಟ ಬೇಡ ಕಣಯ್ಯಾ ಎಂದು ಹೇಳುವುದಕ್ಕೇ ಬಾಯಿ ತೆರೆದೆ.

“ಬೇಸಿಗೇಲೂ ಎರಡೂವರೆ ಇಂಚೇ?” ಎಂದು ಕೇಳಿಬಿಟ್ಟೆ.